ತಿಂಗಳಿಗೊಮ್ಮೆ ಶುಗರ್ ನೋಡಿಸಿದರೆ ಸಾಲದೇ?

ಪ್ರಶ್ನೆ: ನನ್ನ ಮಗಳಿಗೆ 12 ವರ್ಷ, ಟೈಪ್ 1 ಮಧುಮೇಹ. ತಿಂಗಳಿಗೊಮ್ಮೆ ಸುರಪುರದ ಲ್ಯಾಬಿನಲ್ಲಿ ರಕ್ತ ಕೊಟ್ಟು ಬರುತ್ತೇವೆ. ವೈದ್ಯರು ದಿನಕ್ಕೆ ನಾಲ್ಕು ಸಲವಾದರೂ ನೋಡಿ ಎನ್ನುತ್ತಾರೆ. ಅಷ್ಟು ಬೇಕೇ?
– ಯಾದಗಿರಿ ಜಿಲ್ಲೆಯ ಒಬ್ಬ ತಂದೆ

ಉತ್ತರ: ಬೇಕು. ಇದು ಅಜ್ಜ-ಅಜ್ಜಿಯರ ಸಕ್ಕರೆ ಕಾಯಿಲೆಯಲ್ಲ. ನಿಮ್ಮ ಮಗಳ ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸುವುದನ್ನೇ ಹೆಚ್ಚುಕಡಿಮೆ ಬಿಟ್ಟಿದೆ. ರಕ್ತದ ಸಕ್ಕರೆ ಬೆಳಿಗ್ಗೆ 250 ಇದ್ದದ್ದು ಶಾಲೆಯಲ್ಲಿ ಕಬಡ್ಡಿ ಆಡಿದ ಮೇಲೆ 60ಕ್ಕೆ ಇಳಿಯಬಹುದು. ತಿಂಗಳ ಹಿಂದಿನ ಚೀಟಿ ನೋಡಿ ಇಂದು ರಾತ್ರಿಯ ಇನ್ಸುಲಿನ್ ಡೋಸ್ ನಿರ್ಧರಿಸಲು ಯಾರಿಗೂ ಸಾಧ್ಯವಿಲ್ಲ. ಎರಡು-ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯೂ ಈ ಏರಿಳಿತವನ್ನು ಮುಚ್ಚಿಡುತ್ತದೆ.

ನಿಮಗೆ ಇದು ಗೊತ್ತಿಲ್ಲ ಎಂದಲ್ಲ. ತೊಡಕು ದುಡ್ಡಿನದು ಎಂದು ನನ್ನ ಊಹೆ. ಮನೆಯಲ್ಲೇ ಸಕ್ಕರೆ ಅಳೆಯುವ ಯಂತ್ರ ಗ್ಲುಕೋಮೀಟರ್ ಒಮ್ಮೆ ಕೊಂಡರೆ ಮುಗಿಯಿತು, ಪ್ರತಿ ಸಲ ರಕ್ತದ ಹನಿ ಹಾಕುವ ಸ್ಟ್ರಿಪ್‌ನ ಖರ್ಚು ಮುಗಿಯುವುದಿಲ್ಲ. ಒಂದಕ್ಕೆ 20 ರೂಪಾಯಿ ಎಂದಿಟ್ಟುಕೊಂಡರೂ ದಿನಕ್ಕೆ ನಾಲ್ಕರಂತೆ ತಿಂಗಳಿಗೆ 2,400 ರೂಪಾಯಿ. ನಗರದ ಉಳ್ಳವರ ಮಗು ತೋಳಿಗೆ ಸೆನ್ಸರ್ ಅಂಟಿಸಿಕೊಂಡು ಮೊಬೈಲಿನಲ್ಲೇ ಸಕ್ಕರೆ ನೋಡುತ್ತದೆ. ಸರ್ಕಾರದ ಮಧುಮೇಹ ತಪಾಸಣೆಯೋ 30 ದಾಟಿದವರಿಗಾಗಿ ರೂಪಿಸಿದ್ದು. ಆಶಾ ಕಾರ್ಯಕರ್ತೆ ಮನೆಗೆ ಬಂದರೆ ಅಜ್ಜಿಯ ಹೆಸರು ಬರೆದುಕೊಳ್ಳುತ್ತಾರೆ, ಮೊಮ್ಮಗಳದಲ್ಲ. ಇದು ನನಗೆ ಸಿಟ್ಟು ತರಿಸುವ ಸಂಗತಿ.

ಸ್ಟ್ರಿಪ್ ಕಡಿಮೆಯಿದ್ದರೆ ವೈದ್ಯರ ಜೊತೆ ಕೂತು ಸರದಿ ಹಾಕಿಕೊಳ್ಳಿ: ಇಂದು ಬೆಳಗಿನ ಉಪಾಹಾರಕ್ಕೆ ಮೊದಲು ಮತ್ತು ಎರಡು ಗಂಟೆ ಬಳಿಕ, ನಾಳೆ ಮಧ್ಯಾಹ್ನದ ರೊಟ್ಟಿಯ ಹಿಂದೆಮುಂದೆ, ನಡುವೆ ಎಂದಾದರೂ ರಾತ್ರಿ ಮೂರಕ್ಕೆ. ಇದು ನಾಲ್ಕು ಸಲಕ್ಕೆ ಸಮವಲ್ಲ, ಆದರೂ ವಾರದಲ್ಲಿ ಒಂದು ಚಿತ್ರ ಸಿಗುತ್ತದೆ. ಆದರೆ ಜ್ವರ, ವಾಂತಿ ಬಂದಾಗ ಸ್ಟ್ರಿಪ್ ಉಳಿಸುವ ಲೆಕ್ಕ ಹಾಕಬೇಡಿ. ಇನ್ಸುಲಿನ್ ನಿಲ್ಲಿಸಬೇಡಿ, ಬೇಗ ಆಸ್ಪತ್ರೆಗೆ ಹೋಗಿ. ಸಕ್ಕರೆ ತೀರಾ ಇಳಿದಾಗ ಬರುವ ಬೆವರು, ನಡುಕ ಕಂಡು ಕೈಯಲ್ಲಿ ಸ್ಟ್ರಿಪ್ ಇಲ್ಲದಿದ್ದರೆ ಕಾಯುವುದೇ ಬೇಡ: ಎಚ್ಚರವಿರುವ ಮಗುವಿಗೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ನೋಡಿ. ಶಾಲೆಯ ಶಿಕ್ಷಕರಿಗೂ ಇದನ್ನು ಹೇಳಿಡಿ.

ಜನೌಷಧಿ ಕೇಂದ್ರದಲ್ಲಿ ಅಗ್ಗದ ಸ್ಟ್ರಿಪ್ ವಿಚಾರಿಸಿ, ಆದರೆ ಒಂದು ಯಂತ್ರದ ಸ್ಟ್ರಿಪ್ ಇನ್ನೊಂದಕ್ಕೆ ಹೊಂದುವುದಿಲ್ಲ. ನಮ್ಮ ಬಿಸಿಲು ಗೊತ್ತೇ ಇದೆ; ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ತಗಡಿನ ಸೂರಿನ ಕೆಳಗೆ ಬೇಡ. ಗುಳೆ ಹೋಗುವುದಿದ್ದರೆ ಸಂಖ್ಯೆ ಬರೆದಿಟ್ಟ ನೋಟ್‌ಬುಕ್ಕನ್ನು ಮರೆಯದೆ ಗಂಟಿನಲ್ಲಿ ಕಟ್ಟಿಕೊಳ್ಳಿ.