ನಾಲ್ಕು ಕೋರ್‌ಗಳ ನಡುವಿನ ದೂರ

ಇಂಟೆಲ್‌ನ ಹಳೆಯ ಕೋರ್ 2 ಕ್ವಾಡ್ ಕ್ಯೂ6600 ಪ್ರೊಸೆಸರ್‌ನ ವೇಗ 2.4 ಗಿಗಾಹರ್ಟ್ಸ್, ಅಂದರೆ ಅದರ ಗಡಿಯಾರ ಸೆಕೆಂಡಿಗೆ 240 ಕೋಟಿ ಬಾರಿ ಮಿಡಿಯುತ್ತದೆ. ಅದರಲ್ಲಿ ಸ್ವತಂತ್ರವಾಗಿ ಲೆಕ್ಕ ಮಾಡಬಲ್ಲ ನಾಲ್ಕು ಘಟಕಗಳು, ಅಂದರೆ ಕೋರ್‌ಗಳಿವೆ, ಆದ್ದರಿಂದ ಅದು 9.6 ಗಿಗಾಹರ್ಟ್ಸ್ ಯಂತ್ರ ಎಂದು ತಿಳಿದವರೇ ಗುಣಿಸಿ ಹೇಳುವುದನ್ನು ಎಷ್ಟೋ ಬಾರಿ ಕೇಳಿದ್ದೇನೆ. ಈ ಗುಣಾಕಾರಕ್ಕೆ ಅರ್ಥವೇ ಇಲ್ಲ. ಗಂಟೆಗೆ 60 ಕಿಲೋಮೀಟರ್ ಓಡುವ ನಾಲ್ಕು ಲಾರಿಗಳನ್ನು ಒಟ್ಟಿಗೆ ಹೊರಡಿಸಿದರೆ 240 ಕಿಲೋಮೀಟರ್ ವೇಗ ಹುಟ್ಟುವುದಿಲ್ಲ. ಹೆಚ್ಚು ಸರಕು ಸಾಗುತ್ತದೆ, ಅದೂ ಸರಕನ್ನು ಪಾಲು ಮಾಡಲು ಬಂದರೆ. ಗಣಕ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲಿಯೇ ಇದರ ಲೆಕ್ಕ ಕೊಟ್ಟಿದ್ದರು. ಹತ್ತು ನಿಮಿಷದ ಕೆಲಸದಲ್ಲಿ ಏಳೂವರೆ ನಿಮಿಷದಷ್ಟನ್ನು ಮಾತ್ರ ಹಂಚಬಹುದು ಎಂದುಕೊಳ್ಳಿ. ನಾಲ್ಕು ಕೋರ್‌ಗಳು ದುಡಿದರೂ ನಾಲ್ಕು ನಿಮಿಷ ಇಪ್ಪತ್ತೆರಡು ಸೆಕೆಂಡುಗಳಿಗಿಂತ ಬೇಗ ಅದು ಮುಗಿಯುವುದಿಲ್ಲ.

ಗಿಗಾಹರ್ಟ್ಸ್ ಮೇಲಿನ ಈ ಮೋಹ ಬೆಳೆದದ್ದು ಕಂಪನಿಗಳ ಓಟದಿಂದ. 2000ನೇ ಇಸವಿಯ ಮಾರ್ಚ್‌ನಲ್ಲಿ ಎಎಂಡಿ ಮತ್ತು ಇಂಟೆಲ್ ಎರಡೇ ದಿನಗಳ ಅಂತರದಲ್ಲಿ 1 ಗಿಗಾಹರ್ಟ್ಸ್ ಮುಟ್ಟಿದವು. 2004ರ ಹೊತ್ತಿಗೆ ಪೆಂಟಿಯಂ 4 3.8 ಗಿಗಾಹರ್ಟ್ಸ್ ತಲುಪಿತು. 4 ಗಿಗಾಹರ್ಟ್ಸ್‌ನ ಮಾದರಿಯನ್ನು ಇಂಟೆಲ್ ಕೈಬಿಟ್ಟಿತು. ಚಿಪ್ಪಿನೊಳಗಿನ ಪುಟ್ಟ ಸ್ವಿಚ್ಚಾದ ಟ್ರಾನ್ಸಿಸ್ಟರನ್ನು ಕುಗ್ಗಿಸಿದಷ್ಟೂ ಅದು ಬಳಸುವ ವಿದ್ಯುತ್ತೂ ಕುಗ್ಗುತ್ತದೆ ಎಂದು ರಾಬರ್ಟ್ ಡೆನಾರ್ಡ್ 1974ರಲ್ಲಿ ತೋರಿಸಿದ್ದ ನಿಯಮ ಅಲ್ಲಿಗೆ ಸವೆದುಹೋಗಿತ್ತು. ತೀರಾ ಸಣ್ಣದಾದ ಟ್ರಾನ್ಸಿಸ್ಟರ್ ಆರಿಸಿಟ್ಟಾಗಲೂ ವಿದ್ಯುತ್ ಸೋರುತ್ತದೆ, ಸೋರಿದ್ದೆಲ್ಲ ಬಿಸಿಯಾಗುತ್ತದೆ. ಒಂದು ಕೋರನ್ನು ಇನ್ನಷ್ಟು ಓಡಿಸುವ ದಾರಿ ಮುಚ್ಚಿದಾಗ ಎರಡು ಕೋರ್‌ಗಳು ಬಂದವು, ಆಮೇಲೆ ನಾಲ್ಕು.

ನಾನು ಇಲ್ಲಿ ಎದುರುಬದುರು ಇಡುವ ಎರಡು ಪ್ರೊಸೆಸರ್‌ಗಳೂ 2007ರವು. ಕ್ಯೂ6600 ಬಂದದ್ದು ಜನವರಿಯಲ್ಲಿ, 851 ಡಾಲರ್ ಬೆಲೆಗೆ. ಜುಲೈನಲ್ಲಿ ಅದು 266 ಡಾಲರ್‌ಗೆ ಇಳಿಯಿತು. 2.3 ಗಿಗಾಹರ್ಟ್ಸ್‌ನ ಎಎಂಡಿ ಫೆನಮ್ 9600 ಬಂದದ್ದು ನವೆಂಬರ್‌ನಲ್ಲಿ. ಎರಡೂ 65 ನ್ಯಾನೋಮೀಟರ್ ತಂತ್ರಜ್ಞಾನದವು. ಸಿಲಿಕಾನ್ ವಿಸ್ತೀರ್ಣವೂ ಹೆಚ್ಚುಕಡಿಮೆ ಒಂದೇ, ಸುಮಾರು 285 ಚದರ ಮಿಲಿಮೀಟರ್. ಆದರೆ ಇಂಟೆಲ್‌ನದು ಒಂದು ತುಂಡಲ್ಲ. ಲೋಹದ ಮುಚ್ಚಳದ ಕೆಳಗೆ ತಲಾ 143 ಚದರ ಮಿಲಿಮೀಟರ್‌ನ ಎರಡು ಡೈಗಳು, ಅಂದರೆ ಸಿಲಿಕಾನ್ ತುಂಡುಗಳು, ಅಕ್ಕಪಕ್ಕ ಕೂತಿವೆ, ಒಂದೊಂದರಲ್ಲಿ ಎರಡೆರಡು ಕೋರ್. ಫೆನಮ್‌ನ ನಾಲ್ಕೂ ಕೋರ್‌ಗಳು ಒಂದೇ ಡೈಯಲ್ಲಿವೆ. ಇದನ್ನೇ ಹಿಡಿದು ಎಎಂಡಿ ತನ್ನದು ಅಸಲಿ ಕ್ವಾಡ್ ಕೋರ್ ಎಂದು ಪ್ರಚಾರ ಮಾಡಿತು. ಇಂಟೆಲ್‌ನದು ಅಂಟಿಸಿದ ಮಾಲು ಎಂಬ ಮಾತು ಅಂದಿನಿಂದಲೂ ಓಡಾಡುತ್ತಿದೆ. ಅಸಲಿ, ನಕಲಿ ಎಂಬ ಪದಗಳಿಗೆ ಇಲ್ಲಿ ಕೆಲಸವಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಕೋರ್‌ಗೆ ಬೇಕಾದ ದತ್ತಾಂಶ ಎಷ್ಟು ದೂರದಲ್ಲಿದೆ?

ದೂರ ಎಂದಾಗ ನಿಜವಾದ ದೂರವನ್ನೇ ಹೇಳುತ್ತಿದ್ದೇನೆ. 2.4 ಗಿಗಾಹರ್ಟ್ಸ್ ಗಡಿಯಾರದ ಒಂದು ಮಿಡಿತದೊಳಗೆ ಬೆಳಕು ಶೂನ್ಯದಲ್ಲಿ ಸಾಗುವುದು ಹನ್ನೆರಡೂವರೆ ಸೆಂಟಿಮೀಟರ್ ಮಾತ್ರ, ಒಂದು ಗೇಣಿಗಿಂತ ಕಡಿಮೆ. ಚಿಪ್ಪಿನ ಸಪೂರ ತಂತಿಗಳಲ್ಲಿ ಸಂಕೇತ ಅದಕ್ಕಿಂತ ಎಷ್ಟೋ ನಿಧಾನ. ಮದರ್‌ಬೋರ್ಡ್‌ನ ಆಚೆ ತುದಿಯಲ್ಲಿರುವ ಮೆಮೊರಿ ಕೋರ್‌ನ ಪಾಲಿಗೆ ಬೇರೊಂದು ಊರು. ಅದಕ್ಕಾಗಿಯೇ ಪಕ್ಕದಲ್ಲಿ ಕ್ಯಾಶ್ ಎಂಬ ಸಣ್ಣ, ವೇಗದ ಮೆಮೊರಿ ಇಟ್ಟಿರುತ್ತಾರೆ. ಬರೆಯುವವನ ಮೇಜಿನ ಮೇಲೆ ತೆರೆದಿಟ್ಟ ಪುಸ್ತಕ ಮೊದಲ ಹಂತದ ಕ್ಯಾಶ್, ಬೆನ್ನ ಹಿಂದಿನ ಕಪಾಟು ಎರಡನೆಯದು, ಮೆಮೊರಿ ಎಂದರೆ ಎದ್ದು ಬೀದಿ ದಾಟಿ ಹೋಗಬೇಕಾದ ಗ್ರಂಥಾಲಯ. ಗಡಿಯಾರದ ಒಂದು ಮಿಡಿತವನ್ನು ಒಂದು ಸೆಕೆಂಡಿಗೆ ಹಿಗ್ಗಿಸಿದರೆ ಲೆಕ್ಕ ಕಣ್ಣಿಗೆ ಕಟ್ಟುತ್ತದೆ. ಕ್ಯೂ6600ರಲ್ಲಿ ಮೊದಲ ಹಂತಕ್ಕೆ ಮೂರು ಸೆಕೆಂಡು ಸಾಕು, ಎರಡನೇ ಹಂತಕ್ಕೆ ಸುಮಾರು ಹದಿನಾಲ್ಕು. ಮೆಮೊರಿಗೆ ಎರಡು ನಿಮಿಷಕ್ಕೂ ಹೆಚ್ಚು. ಅಂದಿನ ಹಾರ್ಡ್ ಡಿಸ್ಕ್ ಉತ್ತರ ಕೊಡಲು ಹತ್ತು ಮಿಲಿಸೆಕೆಂಡು ತೆಗೆದುಕೊಂಡರೆ, ಈ ಅಳತೆಯಲ್ಲಿ ಅದು ಒಂಬತ್ತು ತಿಂಗಳು! ಅಷ್ಟು ಹೊತ್ತೂ ಕೋರ್ ಕೈಕಟ್ಟಿ ನಿಂತಿರಬೇಕು, ಇಲ್ಲವೇ ಬೇರೆ ಕೆಲಸ ಹುಡುಕಬೇಕು. ಹಳೆಯ ಗಣಕಕ್ಕೆ ಹಾರ್ಡ್ ಡಿಸ್ಕ್ ಬದಲು ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿ ಹಾಕಿದಾಗ ಮರುಜೀವ ಬಂದಂತೆ ಕಾಣುವುದು ಈ ಕಾರಣಕ್ಕೇ.

ಈಗ ಎರಡರ ಕಪಾಟುಗಳನ್ನು ನೋಡೋಣ. ಇಂಟೆಲ್‌ನ ಪ್ರತಿ ಡೈಯಲ್ಲಿ 4 ಎಂಬಿ ಎರಡನೇ ಹಂತದ ಕ್ಯಾಶ್ ಇದೆ, ಆ ಡೈಯ ಎರಡು ಕೋರ್‌ಗಳು ಅದನ್ನು ಹಂಚಿಕೊಳ್ಳುತ್ತವೆ. ಒಂದು ಕೋರ್ ಸುಮ್ಮನಿದ್ದರೆ ಇಡೀ 4 ಎಂಬಿ ಇನ್ನೊಂದಕ್ಕೆ. ಫೆನಮ್‌ನಲ್ಲಿ ಪ್ರತಿ ಕೋರ್‌ಗೆ ಸ್ವಂತದ್ದು 512 ಕೆಬಿ ಮಾತ್ರ, ಅದರ ಆಚೆ ನಾಲ್ವರಿಗೂ ಸೇರಿದ 2 ಎಂಬಿಯ ಮೂರನೇ ಹಂತ, ಅದೂ ನಿಧಾನದ್ದು. ಆಗಿನ ಹೆಚ್ಚಿನ ತಂತ್ರಾಂಶಗಳು ಒಂದೋ ಎರಡೋ ಕೋರ್‌ಗಳನ್ನಷ್ಟೇ ದುಡಿಸುತ್ತಿದ್ದುದರಿಂದ ದೊಡ್ಡ ಕಪಾಟಿನ ಇಂಟೆಲ್‌ಗೆ ಅನುಕೂಲವಾಯಿತು. ಮೇಲಾಗಿ ಅದರ ಕೋರ್ ಒಂದು ಮಿಡಿತಕ್ಕೆ ನಾಲ್ಕು ಆದೇಶಗಳನ್ನು ಬಿಡಿಸಬಲ್ಲದು, ಫೆನಮ್‌ನದು ಮೂರು.

ಫೆನಮ್‌ನ ಬಲ ಬೇರೆ ಕಡೆ ಇತ್ತು. ಮೆಮೊರಿಯ ಮೇಲ್ವಿಚಾರಣೆ ಮಾಡುವ ಮಂಡಲವನ್ನು ಎಎಂಡಿ 2003ರಿಂದಲೇ ಪ್ರೊಸೆಸರ್ ಒಳಗೆ ತಂದಿತ್ತು. ಇಂಟೆಲ್‌ನಲ್ಲಿ ಅದು ಇನ್ನೂ ಮದರ್‌ಬೋರ್ಡ್‌ನ ಬೇರೊಂದು ಚಿಪ್ಪಿನಲ್ಲಿತ್ತು. ಅಲ್ಲಿಗೆ ಹೋಗಲು ಫ್ರಂಟ್ ಸೈಡ್ ಬಸ್ ಎಂಬ ಒಂದೇ ಹಾದಿ, ಸೆಕೆಂಡಿಗೆ ಸುಮಾರು 8.5 ಗಿಗಾಬೈಟ್ ಸಾಗಿಸುವಂಥದ್ದು. ನಾಲ್ಕು ಕೋರ್‌ಗಳ ಮೆಮೊರಿ ವ್ಯವಹಾರವೆಲ್ಲ ಆ ಹಾದಿಯಲ್ಲೇ ನಡೆಯಬೇಕು. ಅಷ್ಟೇ ಅಲ್ಲ, ಅಕ್ಕಪಕ್ಕದಲ್ಲೇ ಕೂತ ಎರಡು ಡೈಗಳಿಗೆ ನೇರ ಮಾತುಕತೆಯಿಲ್ಲ. ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟಬೇಕಾದರೆ ಆ ಬಸ್ಸನ್ನೇ ಹಿಡಿಯಬೇಕು. ಗೋಡೆಯಾಚೆಯ ಮನೆಗೆ ಕೊಡುವ ಚೀಟಿಯನ್ನು ಅಂಚೆಗೆ ಹಾಕಿದ ಹಾಗೆ.

ನನ್ನ ಹಳೆಯ ಕ್ಯೂ6600 ಯಂತ್ರದಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದೇನೆ. ಹತ್ತಿಪ್ಪತ್ತು ಸಾಲುಗಳ ಸಣ್ಣ ಪ್ರೋಗ್ರಾಂ ಸಾಕು. ಅದರಲ್ಲಿ ಏಕಕಾಲಕ್ಕೆ ಓಡುವ ಎರಡು ಎಳೆಗಳು (ಥ್ರೆಡ್), ಪ್ರತಿಯೊಂದೂ ತನ್ನದೇ ಎಣಿಕೆಗೆ ಒಂದೊಂದು ಕೂಡುತ್ತಾ ಹೋಗುತ್ತದೆ, ಯಾರ ಲೆಕ್ಕಕ್ಕೂ ಯಾರೂ ಕೈಹಾಕುವುದಿಲ್ಲ. ಆದರೆ ಎರಡೂ ಎಣಿಕೆಗಳನ್ನು ಮೆಮೊರಿಯಲ್ಲಿ ಪಕ್ಕಪಕ್ಕ ಇಟ್ಟಿದ್ದೆ. ಕ್ಯಾಶ್ 64 ಬೈಟ್‌ಗಳ ತುಂಡುಗಳಲ್ಲಿ ವ್ಯವಹರಿಸುವುದರಿಂದ ಎರಡೂ ಒಂದೇ ತುಂಡಿನಲ್ಲಿ ಬಿದ್ದವು. ಒಂದು ಕೋರ್ ಬರೆದಾಗಲೆಲ್ಲ ಇನ್ನೊಂದರ ಪ್ರತಿ ರದ್ದಾಗುತ್ತದೆ, ಅದು ಮತ್ತೆ ತರಿಸಿಕೊಳ್ಳಬೇಕಾಗುತ್ತದೆ. ಒಂದೇ ಡೈಯ ಎರಡು ಕೋರ್‌ಗಳಿಗೆ ಎಳೆಗಳನ್ನು ಕಟ್ಟಿಹಾಕಿದಾಗ ಬೇಗ ಮುಗಿದ ಎಣಿಕೆ, ಬೇರೆ ಬೇರೆ ಡೈಗಳಿಗೆ ಕಟ್ಟಿದಾಗ ಎಲ್ಲೋ ಸಿಕ್ಕಿಕೊಂಡಂತೆ ಎಳೆದಾಡಿತು. ಪ್ರೋಗ್ರಾಂ ಅದೇ, ಗಿಗಾಹರ್ಟ್ಸ್ ಅದೇ. ಎಣಿಕೆಗಳ ನಡುವೆ 64 ಬೈಟ್ ಜಾಗ ಬಿಟ್ಟು ಮತ್ತೆ ಓಡಿಸಿದೆ, ವ್ಯತ್ಯಾಸ ಮಾಯವಾಯಿತು. ಅಂದು ಪರದೆಯ ಮುಂದೆ ನನಗಾದ ಸಂತೋಷವನ್ನು ಇಂದಿಗೂ ಮರೆತಿಲ್ಲ.

ಹಾಗಿದ್ದರೆ ಇಂಟೆಲ್ ಏಕೆ ಎರಡು ತುಂಡು ಮಾಡಿತು? ಸಿಲಿಕಾನ್ ಬಿಲ್ಲೆಯ ಮೇಲೆ ದೋಷಗಳು ಅಲ್ಲಲ್ಲಿ ಬಿದ್ದೇ ಬೀಳುತ್ತವೆ. ಸಣ್ಣ ಡೈಗಳಲ್ಲಿ ಅರ್ಧದಷ್ಟು ಸರಿಯಿವೆ ಎಂದುಕೊಳ್ಳೋಣ. ನೂರರಲ್ಲಿ ಐವತ್ತು ಒಳ್ಳೆಯವನ್ನು ಆರಿಸಿ ಜೋಡಿ ಮಾಡಿದರೆ 25 ಪ್ರೊಸೆಸರ್‌ಗಳಾಗುತ್ತವೆ. ಅಷ್ಟೇ ಜಾಗದಲ್ಲಿ ಎರಡು ಪಟ್ಟು ದೊಡ್ಡ ಡೈಗಳು ಐವತ್ತು ಮೂಡುತ್ತವೆ, ಆದರೆ ಒಂದೊಂದರ ಎರಡೂ ಅರ್ಧಗಳು ಸರಿಯಿರಬೇಕು. ಅರ್ಧದಲ್ಲಿ ಅರ್ಧ, ಅಂದರೆ ಹನ್ನೆರಡೋ ಹದಿಮೂರೋ ದಕ್ಕುತ್ತವೆ. ಮೊದಲು ಪರೀಕ್ಷೆ, ಆಮೇಲೆ ಜೋಡಣೆ ಎಂಬ ಈ ಕ್ರಮವನ್ನು ಅಗ್ಗದ ಉಪಾಯವೆಂದು ಹಳಿಯುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಇದು ಅಪ್ಪಟ ಜಾಣ್ಮೆ. ಎಎಂಡಿ 2008ರಲ್ಲಿ ಒಂದು ಕೋರನ್ನು ಮುಚ್ಚಿ, ಮೂರು ಕೋರ್‌ಗಳ ಫೆನಮ್ ಮಾರಿದ್ದರ ಹಿಂದೆಯೂ ಇದೇ ಲೆಕ್ಕಾಚಾರವಿತ್ತು.

ಫೆನಮ್‌ಗೆ ಇನ್ನೊಂದು ಪೆಟ್ಟು ಬಿತ್ತು. ಪ್ರೋಗ್ರಾಂ ಹೇಳುವ ವಿಳಾಸವನ್ನು ಮೆಮೊರಿಯ ನಿಜವಾದ ವಿಳಾಸಕ್ಕೆ ಬದಲಿಸುವ ಕೋಷ್ಟಕಗಳನ್ನು ಕ್ಯಾಶ್‌ನಲ್ಲಿ ನಿರ್ವಹಿಸುವಾಗ, ಬಹಳ ಅಪರೂಪದ ಸನ್ನಿವೇಶದಲ್ಲಿ ಹಳೆಯ ಪ್ರತಿಯೇ ಉಳಿದುಬಿಡುವ ದೋಷ ಅದರ ಮೊದಲ ಆವೃತ್ತಿಯಲ್ಲಿತ್ತು. ಗಣಕ ಶುರುವಾಗುವಾಗ ಓಡುವ ಬಯೋಸ್ ಎಂಬ ತಂತ್ರಾಂಶದ ಮೂಲಕ ಕೊಟ್ಟ ಪರಿಹಾರದಿಂದ ವೇಗ ಸುಮಾರು ಶೇ. 10ರಷ್ಟು, ಕೆಲವು ಕೆಲಸಗಳಲ್ಲಿ ಇನ್ನೂ ಹೆಚ್ಚು ಇಳಿಯಿತು. 2008ರ ಮಾರ್ಚ್‌ನಲ್ಲಿ ತಿದ್ದಿದ ಚಿಪ್ ಬರುವ ಹೊತ್ತಿಗೆ ಹೆಸರು ಕೆಟ್ಟಿತ್ತು.

ಹೆಚ್ಚಿನ ಕೆಲಸಗಳಲ್ಲಿ ಕ್ಯೂ6600 ಮುಂದಿತ್ತು, ಇದರಲ್ಲಿ ಅನುಮಾನ ಬೇಡ. ಆದರೂ ಎಎಂಡಿಯ ನಕ್ಷೆ ಸೋತಿತು ಎನ್ನಲಾರೆ. 2008ರ ನವೆಂಬರ್‌ನಲ್ಲಿ ಇಂಟೆಲ್ ತಂದ ಮೊದಲ ಕೋರ್ ಐ7ನಲ್ಲಿ ನಾಲ್ಕು ಕೋರ್‌ಗಳು ಒಂದೇ ಡೈಯಲ್ಲಿದ್ದವು, ಮೂರನೇ ಹಂತದ ಕ್ಯಾಶನ್ನು ನಾಲ್ಕೂ ಹಂಚಿಕೊಂಡಿದ್ದವು, ಮೆಮೊರಿಯ ಮೇಲ್ವಿಚಾರಣೆ ಒಳಗೇ ಬಂದಿತ್ತು. ಒಂದು ವರ್ಷದ ಹಿಂದೆ ಫೆನಮ್ ಹಿಡಿದ ದಾರಿಯೇ ಅದು. ಇತ್ತ 2019ರಲ್ಲಿ ಎಎಂಡಿ ತನ್ನ ರೈಜನ್ 9 3900ಎಕ್ಸ್‌ನ ಹನ್ನೆರಡು ಕೋರ್‌ಗಳನ್ನು ಎರಡು ಸಣ್ಣ ಡೈಗಳಿಗೆ ಹಂಚಿ, ಮೆಮೊರಿಯ ಉಸ್ತುವಾರಿಗೆ ಮೂರನೇ ಡೈ ಇಟ್ಟಿತು. ಅಲ್ಲೂ ಒಂದು ಡೈಯ ಕೋರ್ ಇನ್ನೊಂದು ಡೈಯ ಕೋರ್‌ಗೆ ಸುದ್ದಿ ಮುಟ್ಟಿಸಲು ಆ ಮೂರನೆಯದನ್ನು ಹಾದು ಹೋಗಬೇಕು. ಎರಡು ಎಣಿಕೆಗಳ ಆ ಸಣ್ಣ ಪ್ರೋಗ್ರಾಂ ಅಲ್ಲಿಯೂ ಓಡುತ್ತದೆ. ಎಳೆಗಳನ್ನು ಯಾವ ಕೋರ್‌ಗಳಿಗೆ ಕಟ್ಟಿದಿರಿ ಎಂಬುದರ ಮೇಲೆ ಉತ್ತರದ ಸಮಯ ಅಲ್ಲಿಯೂ ಬದಲಾಗುತ್ತದೆ.