ಕತ್ತಿನ ಗೂಟ ಸಡಿಲಾದರೆ

ಬುರುಡೆ ಮುಗಿದು ಕತ್ತು ಶುರುವಾಗುವ ಹಿಂಭಾಗದ ತಗ್ಗಿನಲ್ಲಿ ಬೆರಳಿಟ್ಟು ನಿಧಾನವಾಗಿ ಕೆಳಗೆ ಸರಿಸಿ ನೋಡಿ. ಮೊದಲು ಕೈಗೆ ಸಿಗುವ ಗಟ್ಟಿ ಉಬ್ಬು ಕತ್ತಿನ ಮೊದಲ ಮೂಳೆಯದಲ್ಲ, ಎರಡನೆಯದು. ಮೊದಲನೆಯದಾದ ಅಟ್ಲಾಸ್‌ಗೆ ಹಿಂದಕ್ಕೆ ಚಾಚಿದ ಮುಳ್ಳೇ ಇಲ್ಲ. ಅದು ಬರೀ ಒಂದು ಬಳೆ. ನಾಲ್ಕೈದು ಕಿಲೋ ತೂಗುವ ತಲೆ ಕೂತಿರುವುದು ಈ ಬಳೆಯ ಮೇಲೆ.

ತಲೆಯನ್ನು ಮೇಲೆ ಕೆಳಗೆ ಆಡಿಸಿ ‘ಹೌದು’ ಎಂದಾಗ ಬುರುಡೆ ಬಳೆಯ ಮೇಲೆ ತೂಗುತ್ತದೆ. ಅತ್ತಿತ್ತ ತಿರುಗಿಸಿ ‘ಇಲ್ಲ’ ಎಂದಾಗ ಬುರುಡೆಯೂ ಬಳೆಯೂ ಒಂದಾಗಿ ಎರಡನೆಯ ಮೂಳೆಯಾದ ಆಕ್ಸಿಸ್ ಮೇಲೆ ಸುತ್ತುತ್ತವೆ. ಕತ್ತು ತಿರುಗುವುದರಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಈ ಒಂದು ಕೀಲಿನದು.

ಗದಗ, ಹಾವೇರಿ ಕಡೆಯ ಹಳೆಯ ಮನೆಗಳಲ್ಲಿ ಮೂಲೆ ಹಿಡಿದು ಕೂತಿರುವ ಬೀಸುಕಲ್ಲನ್ನು ನೆನೆಸಿಕೊಳ್ಳಿ. ಕೆಳಗಿನ ಕಲ್ಲಿನಲ್ಲಿ ಒಂದು ಗೂಟ, ಅದನ್ನು ಆಧರಿಸಿ ಮೇಲಿನ ಕಲ್ಲು ಸುತ್ತುತ್ತದೆ. ಆಕ್ಸಿಸ್ ಮೂಳೆಯಿಂದಲೂ ‘ಡೆನ್ಸ್’ ಎಂಬ ಗೂಟ ಮೇಲಕ್ಕೆದ್ದು ಅಟ್ಲಾಸ್‌ನ ಬಳೆಯೊಳಗೆ ನಿಂತಿದೆ. ಆದರೆ ಅದು ನಟ್ಟನಡುವೆ ಇಲ್ಲ, ಬಳೆಯ ಮುಂದಿನ ಅಂಚಿಗೆ ಒತ್ತಿಕೊಂಡಿದೆ. ಏಕೆಂದರೆ ಅದೇ ಬಳೆಯೊಳಗೆ, ಗೂಟದ ಬೆನ್ನಿಗೇ, ಬೆನ್ನುಹುರಿ ಇಳಿಯಬೇಕು. ಕಾಳು ಹಾಕುವ ಬಾಯಿಯಲ್ಲಿ ಜೀವದ ಎಳೆಯನ್ನು ಇಳಿಬಿಟ್ಟು, ಅದಕ್ಕೆ ಸೋಕದಂತೆ ದಿನವಿಡೀ ಬೀಸುವ ಕೆಲಸ ಇದು! ಗೂಟ ಹಿಂದಕ್ಕೆ ವಾಲದಂತೆ ಹಿಡಿದಿರುವುದು ಅಡ್ಡಲಾಗಿ ಬಿಗಿದಿರುವ ಒಂದು ಅಸ್ಥಿರಜ್ಜು. ಬಳೆಯೊಳಗಿನ ಜಾಗದಲ್ಲಿ ಮೂರನೇ ಒಂದು ಪಾಲು ಗೂಟಕ್ಕೆ, ಒಂದು ಪಾಲು ಬೆನ್ನುಹುರಿಗೆ, ಇನ್ನೊಂದು ಪಾಲು ಖಾಲಿ ಎಂದು ಅಮೆರಿಕದ ಹೊವರ್ಡ್ ಸ್ಟೀಲ್ 1968ರಲ್ಲಿ ಲೆಕ್ಕ ಕೊಟ್ಟರು. ಆ ಖಾಲಿ ಪಾಲೇ ನಮ್ಮ ರಕ್ಷೆ. ರಜ್ಜು ಸಡಿಲಾದರೆ ಗೂಟ ಮೊದಲು ತಿನ್ನುವುದು ಅದನ್ನೇ.

ಸಡಿಲಾಗಲು ಕಾರಣ ಹಲವು: ರುಮಟಾಯ್ಡ್ ಸಂಧಿವಾತ, ಡೌನ್ ಸಿಂಡ್ರೋಮ್, ಕ್ಷಯ, ಹುಟ್ಟಿನಿಂದಲೇ ಬಂದ ಮೂಳೆದೋಷ, ಪೆಟ್ಟು. ಇಂಥವರ ಕತ್ತನ್ನು ಕ್ಷೌರದಂಗಡಿಯಲ್ಲಿ ಗಕ್ಕನೆ ತಿರುಗಿಸಿ ನೆಟಿಗೆ ತೆಗೆಯುವುದನ್ನು ನೆನೆದರೆ ನನಗೆ ಎದೆ ಝಲ್ಲೆನ್ನುತ್ತದೆ. ಬಹುಪಾಲು ಜನರಿಗೆ ಏನೂ ಆಗುವುದಿಲ್ಲ, ನಿಜ. ಆದರೆ ಒಳಗಿನ ರಜ್ಜು ಬಿಗಿಯಾಗಿದೆಯೋ ಸಡಿಲಾಗಿದೆಯೋ ಎಂಬುದು ತಿರುಗಿಸುವ ಕೈಗೆ ಗೊತ್ತಾಗುವುದಿಲ್ಲ. ಹಾವೇರಿಯ ಹೋರಿ ಬೆದರಿಸುವ ಹಬ್ಬದಲ್ಲಿ ಬಿದ್ದವರನ್ನು ತಲೆ ಜೋತಾಡುತ್ತಿದ್ದರೂ ಕೈಕಾಲು ಹಿಡಿದು ಎತ್ತಿ, ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಒಯ್ಯುವುದು ಇನ್ನೂ ಅಪಾಯ. ತಲೆಯನ್ನು ಎರಡೂ ಕಡೆ ಹಿಡಿದು, ಮೈಯನ್ನು ಒಟ್ಟಿಗೆ ಹೊರಳಿಸಿ ಹಲಗೆಯ ಮೇಲೆ ಮಲಗಿಸಬೇಕು.

ಹುಟ್ಟುದೋಷವಿದ್ದವರಲ್ಲಿ ಕಾಯಿಲೆ ಮೆಲ್ಲಗೆ ಬರುತ್ತದೆ. ನಡೆಯುವಾಗ ಕಾಲಿನಿಂದ ಚಪ್ಪಲಿ ಜಾರಿದ್ದು ತಿಳಿಯುವುದಿಲ್ಲ. ವರ್ಷಗಟ್ಟಲೆ ರೊಟ್ಟಿ ಬಡಿದ ಕೈಗೆ ಹಿಟ್ಟು ಹದವಾಗಿ ತಿರುಗುವುದಿಲ್ಲ, ಅಂಗಿಯ ಗುಂಡಿ ಹಾಕಲು ಬರುವುದಿಲ್ಲ. ಆಗ ಮನೆಯಲ್ಲಿ ಶುರುವಾಗುವುದು ‘ಯಾರೋ ಮಾಟ ಮಾಡಿಸಿದ್ದಾರೆ’ ಎಂಬ ಮಾತು. ತಾಯತ ಕಟ್ಟಿಸಿ, ಎಣ್ಣೆ ತಿಕ್ಕಿಸಿ, ಕೊನೆಗೆ ಹುಬ್ಬಳ್ಳಿಯ ಬಸ್ ಹತ್ತುವ ಹೊತ್ತಿಗೆ ಎಷ್ಟೋ ತಿಂಗಳು ಕಳೆದಿರುತ್ತವೆ. ಅಷ್ಟು ದಿನವೂ ಬೆನ್ನುಹುರಿ ಜಜ್ಜಿಸಿಕೊಳ್ಳುತ್ತಲೇ ಇರುತ್ತದೆ. ಹಾಗೆ ಸತ್ತ ನರದ ಎಳೆಗಳನ್ನು ಯಾವ ಶಸ್ತ್ರಚಿಕಿತ್ಸೆಯೂ ಬದುಕಿಸಲಾರದು.

ಈ ಕೀಲನ್ನು ಭದ್ರಪಡಿಸಿದ ಚರಿತ್ರೆ ರೇಷ್ಮೆ ದಾರದಿಂದ ಶುರುವಾಗುತ್ತದೆ. 1910ರಲ್ಲಿ ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಆಸ್ಗುಡ್ ಎರಡು ಮೂಳೆಗಳನ್ನೂ ಹೆಣೆದ ರೇಷ್ಮೆಯಿಂದ ಬಿಗಿದ ಪ್ರಕರಣವನ್ನು ಪ್ರಕಟಿಸಿದರು. 1939ರಲ್ಲಿ ಕೆನಡಾದ ಗ್ಯಾಲಿ ಲೋಹದ ತಂತಿ ಬಳಸುವ ವಿಧಾನವನ್ನು ವಿವರಿಸಿದರು. ಕೀಲಿನ ಹಿಂಬದಿಯನ್ನಷ್ಟೇ ಹಿಡಿದ ತಂತಿ, ತಲೆ ಅತ್ತಿತ್ತ ತಿರುಗುವುದನ್ನು ಪೂರ್ತಿ ತಡೆಯಲಾರದು. ಹಾಗಾಗಿ ರೋಗಿಗಳು ತಿಂಗಳುಗಟ್ಟಲೆ ಹೊರಗಿನ ಕಟ್ಟಿನಲ್ಲಿರಬೇಕಿತ್ತು. ಇಂದಿನ ವಿಧಾನಕ್ಕೆ ದಾರಿ ತೆರೆದವರು ಮುಂಬೈಯ ಕೆಇಎಂ ಆಸ್ಪತ್ರೆಯ ಅತುಲ್ ಗೋಯಲ್. ಹೊರಗಿನಿಂದ ಕಟ್ಟುವ ಬದಲು ಕೀಲಿನ ಎರಡೂ ಮೂಳೆಗಳಿಗೆ ನೇರವಾಗಿ ಸ್ಕ್ರೂ ಹಾಕಿ ಲೋಹದ ಪಟ್ಟಿಯಿಂದ ಬೆಸೆಯುವ ಅವರ ವಿಧಾನ 1994ರಲ್ಲಿ ಪ್ರಕಟವಾಯಿತು. 2001ರಲ್ಲಿ ಜರ್ಮನಿಯ ಹಾರ್ಮ್ಸ್ ಪಟ್ಟಿಯ ಜಾಗಕ್ಕೆ ಸರಳು ತಂದರು. ಇಂದು ಜಗತ್ತಿನೆಲ್ಲೆಡೆ ನಡೆಯುವ ಈ ಚಿಕಿತ್ಸೆಯ ಬೇರು ನಮ್ಮ ನೆರೆಯ ರಾಜ್ಯದ ಸಾರ್ವಜನಿಕ ಆಸ್ಪತ್ರೆಯಲ್ಲಿದೆ ಎಂಬುದು ನನಗೆ ಹೆಮ್ಮೆಯ ವಿಷಯ.

ರೋಗಿಯನ್ನು ಬೋರಲು ಮಲಗಿಸಿ ಕತ್ತಿನ ಹಿಂದಿನಿಂದ ಒಳಹೋಗುತ್ತಾರೆ. ಕೀಲಿನ ಮೇಲೆ ಅಭಿಧಮನಿಗಳ ಜಾಲವೇ ಹರಡಿದೆ, ಮುಟ್ಟಿದರೆ ಸಾಕು ರಕ್ತ ಜಿನುಗುತ್ತದೆ. ಒಳಮಗ್ಗುಲಲ್ಲಿ ಬೆನ್ನುಹುರಿ, ಹೊರಮಗ್ಗುಲಲ್ಲಿ ಮಿದುಳಿಗೆ ರಕ್ತ ಒಯ್ಯುವ ವರ್ಟಿಬ್ರಲ್ ಅಪಧಮನಿ. ಈ ಎರಡರ ನಡುವಿನ ಮೂಳೆಗೆ ಸಾಮಾನ್ಯವಾಗಿ ಮೂರೂವರೆ ಮಿಲಿಮೀಟರ್ ದಪ್ಪದ ಟೈಟಾನಿಯಂ ಸ್ಕ್ರೂ ಹೋಗಬೇಕು. ಅಪಧಮನಿಯ ದಾರಿ ಎಲ್ಲರಲ್ಲೂ ಒಂದೇ ಅಲ್ಲ. ಅದಕ್ಕೇ ಮೊದಲೇ ಸಿಟಿ ಸ್ಕ್ಯಾನ್‌ನಲ್ಲಿ ಅದರ ಜಾಡನ್ನು ಗುರುತಿಸಿಕೊಂಡಿರುತ್ತಾರೆ. ಆಮೇಲೆ ಕೀಲಿನ ಮೃದ್ವಸ್ಥಿಯನ್ನು ಕೆರೆದು, ಸೊಂಟದ ಮೂಳೆಯಿಂದ ತೆಗೆದ ಚೂರುಗಳನ್ನು ತುಂಬುತ್ತಾರೆ. ನಿಜವಾದ ಬೆಸುಗೆ ಈ ಚೂರುಗಳದ್ದೇ. ಹೊಸ ಮೂಳೆ ಬೆಳೆದು ಎರಡೂ ಒಂದಾಗಲು ತಿಂಗಳುಗಳು ಬೇಕು. ಸ್ಕ್ರೂಗಳ ಕೆಲಸ ಅಲ್ಲಿಯವರೆಗೆ ಅಲುಗಾಡದಂತೆ ಹಿಡಿದಿಡುವುದು. ಇದು ತಿಳಿಯದೆ ‘ಕತ್ತಿನಲ್ಲಿ ಕಬ್ಬಿಣ ಇದೆ, ಯಾವಾಗ ತೆಗೆಸುತ್ತೀರಿ?’ ಎಂದು ನೆಂಟರು ರೋಗಿಯ ಜೀವ ಹಿಂಡುತ್ತಾರೆ. ತೊಂದರೆ ಕೊಡದಿದ್ದರೆ ತೆಗೆಸುವ ಅಗತ್ಯವೇ ಇಲ್ಲ.

‘ಕತ್ತಿನ ಆಪರೇಷನ್ ಆದರೆ ಜೀವನಪೂರ್ತಿ ಕೊರಡಿನಂತೆ ಕೂರಬೇಕು’ ಎಂಬ ಭಯವೂ ಹೀಗೆಯೇ ಹಬ್ಬಿದ್ದು. ಎರಡು ಮೂಳೆಗಳನ್ನಷ್ಟೇ ಬೆಸೆದರೆ ತಲೆ ತಿರುಗಿಸುವ ಶಕ್ತಿ ಅರ್ಧದಷ್ಟು ಹೋಗುತ್ತದೆ, ತಲೆದೂಗುವುದು ಬಹುಮಟ್ಟಿಗೆ ಉಳಿಯುತ್ತದೆ. ಹಿಂದೆ ನೋಡಲು ಭುಜವನ್ನೂ ತಿರುಗಿಸಬೇಕು, ಗಾಡಿ ಓಡಿಸುವವರು ಕನ್ನಡಿಯನ್ನು ನೆಚ್ಚಬೇಕು. ಬುರುಡೆಯನ್ನೂ ಸೇರಿಸಿ ಬೆಸೆದರೆ ‘ಹೌದು’ ಎನ್ನುವ ಚಲನೆಯ ದೊಡ್ಡ ಪಾಲೂ ಹೋಗುತ್ತದೆ, ಊಟದ ತಟ್ಟೆ ನೋಡಲು ಸಹ ಬಾಗಬೇಕಾಗಬಹುದು. ಕೆಲವರಿಗೆ ಅದು ಅನಿವಾರ್ಯ, ಎಲ್ಲರಿಗೂ ಅಲ್ಲ. ಹಾಗಾಗಿ ಸಹಿ ಹಾಕುವ ಮೊದಲು ವೈದ್ಯರನ್ನು ಕೇಳಬೇಕಾದದ್ದು ಇದನ್ನು: ಬೆಸೆಯುವುದು ಎರಡು ಮೂಳೆಗಳನ್ನಷ್ಟೆಯೋ, ಬುರುಡೆಯನ್ನೂ ಸೇರಿಸಿಯೋ, ಮತ್ತು ಯಾಕೆ?