ಸೂರ್ಯನ ಬಲ ಜಾಸ್ತಿ, ಭರತ ಮಾತ್ರ ಚಂದ್ರನದು

ಉದ್ಯಾವರ ಹೊಳೆಯಲ್ಲಿ ಮರುವಾಯಿ (ಚಿಪ್ಪಿನ ಜೀವಿ) ಹೆಕ್ಕುವವರಿಗೆ ಇಳಿತ, ಅಂದರೆ ಕಡಲ ನೀರು ಇಳಿಯುವ ಹೊತ್ತು, ಯಾವಾಗ ಎಂದು ತಿಥಿಯ ಲೆಕ್ಕದಲ್ಲೇ ಗೊತ್ತಾಗುತ್ತದೆ. ಇವತ್ತು ಬೆಳಿಗ್ಗೆ ಎಂಟಕ್ಕೆ ಇಳಿತವಾದರೆ ನಾಳೆ ಸುಮಾರು 50 ನಿಮಿಷ ತಡ. ಚಂದ್ರ ಹುಟ್ಟುವುದೂ ದಿನದಿನಕ್ಕೆ ಹೆಚ್ಚುಕಡಿಮೆ ಅಷ್ಟೇ ತಡವಾಗಿ. ಭರತ (ನೀರು ಏರುವ ಉಬ್ಬರ), ಇಳಿತಕ್ಕೆ ಚಂದ್ರನೇ ಕಾರಣ ಅಂತ ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಆದರೆ ಲೆಕ್ಕ ಹಾಕಿದರೆ ಒಂದು ತಕರಾರು ಏಳುತ್ತದೆ. ನ್ಯೂಟನ್ 1687ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ ಜಗತ್ತಿನ ಯಾವ ಎರಡು ವಸ್ತುಗಳೂ ಒಂದನ್ನೊಂದು ಎಳೆಯುತ್ತವೆ. ದ್ರವ್ಯರಾಶಿ ಹೆಚ್ಚಿದಷ್ಟೂ ಎಳೆತ ಜಾಸ್ತಿ. ದೂರ ಎರಡು ಪಟ್ಟಾದರೆ ಎಳೆತ ಕಾಲು ಭಾಗಕ್ಕೆ ಇಳಿಯುತ್ತದೆ. ಸೂರ್ಯ ಇರುವುದು ಚಂದ್ರನಿಗಿಂತ ಸುಮಾರು 390 ಪಟ್ಟು ದೂರದಲ್ಲಿ. ಅವನ ದ್ರವ್ಯರಾಶಿಯೋ, ಚಂದ್ರನದರ ಸುಮಾರು 2.7 ಕೋಟಿ ಪಟ್ಟು. ಭಾಗಿಸಿ ನೋಡಿ: ಭೂಮಿಯನ್ನು ಸೂರ್ಯ ಎಳೆಯುವುದು ಚಂದ್ರನಿಗಿಂತ ಹತ್ತಿರ ಹತ್ತಿರ 180 ಪಟ್ಟು ಜೋರಾಗಿ! ಹಾಗಾದರೆ ಮಲ್ಪೆಯ ಕಡಲು ಸೂರ್ಯನ ಮಾತು ಕೇಳಬೇಕಿತ್ತು, ಅಲ್ವಾ?

ಕಡಲು ಲೆಕ್ಕಕ್ಕೆ ಇಟ್ಟುಕೊಳ್ಳುವುದು ಎಳೆತದ ವ್ಯತ್ಯಾಸವನ್ನು. ಭೂಮಿಯ ಎಲ್ಲ ಕಡೆಯೂ ಒಂದೇ ಸಮ ಎಳೆದರೆ ನೆಲ, ನೀರು ಒಟ್ಟಿಗೇ ಸಾಗುತ್ತವೆ. ನೀರು ಮಾತ್ರ ಏರಲು ಕಾರಣವೇ ಇಲ್ಲ. ಆದರೆ ಚಂದ್ರನಿಗೆ ಹತ್ತಿರದ ಮಗ್ಗುಲಿಗೆ ಭೂಮಿಯ ನಡುವಿಗಿಂತ ಚೂರು ಜಾಸ್ತಿ ಎಳೆತ ಬೀಳುತ್ತದೆ, ಆಚೆ ಮಗ್ಗುಲಿಗೆ ಚೂರು ಕಡಿಮೆ. ಈಚಿನ ನೀರು ಮುಂದೆ ಹೋಗುತ್ತದೆ, ಆಚಿನದು ಹಿಂದೆ ಉಳಿಯುತ್ತದೆ. ಎರಡೂ ಕಡೆ ಉಬ್ಬು. ಭೂಮಿ ತಿರುಗುವಾಗ ನಮ್ಮ ದಡ ಎರಡೂ ಉಬ್ಬುಗಳನ್ನು ಹಾದುಹೋಗುತ್ತದೆ; ದಿನಕ್ಕೆ ಎರಡು ಸಲ ಭರತ ಬರುವುದು ಇದಕ್ಕೇ. ದೂರ ಎರಡು ಪಟ್ಟಾದರೆ ಈ ವ್ಯತ್ಯಾಸ ಎಂಟರಲ್ಲಿ ಒಂದು ಪಾಲಿಗೆ ಕುಸಿಯುತ್ತದೆ. ಸೂರ್ಯ ಸೋಲುವುದು ಇಲ್ಲೇ. ಭರತ ಎಬ್ಬಿಸುವ ಅವನ ಬಲ ಚಂದ್ರನ ಅರ್ಧಕ್ಕಿಂತಲೂ ಸ್ವಲ್ಪ ಕಡಿಮೆ. ಅಮಾವಾಸ್ಯೆ, ಹುಣ್ಣಿಮೆಗೆ ಇಬ್ಬರೂ ಒಂದೇ ಸಾಲಿಗೆ ಬಂದರೆ ದೊಡ್ಡ ಭರತ; ಅಷ್ಟಮಿ ಹೊತ್ತಿಗೆ ಅಡ್ಡಡ್ಡ ನಿಂತರೆ ಸಣ್ಣದು.

ಚಂದ್ರ ನೀರನ್ನು ಸುಮ್ನೆ ಮೇಲಕ್ಕೆತ್ತುತ್ತಾನೆ ಅಂದುಕೊಳ್ಳುವುದೂ ಸರಿಯಲ್ಲ. ಆ ವ್ಯತ್ಯಾಸ ಭೂಮಿಯ ಗುರುತ್ವದ ಸುಮಾರು ಕೋಟಿಯಲ್ಲೊಂದು ಪಾಲು; ಅಷ್ಟರಿಂದ ನೀರು ಎತ್ತಲಾದೀತೇ? ಕೆಲಸ ಮಾಡುವುದು ಅಡ್ಡಕ್ಕೆ ಎಳೆಯುವ ಬಲ. ಸಾವಿರಾರು ಕಿಲೋಮೀಟರ್ ಹರವಿನ ಸಾಗರದಲ್ಲಿ ನೀರು ಇಷ್ಟಿಷ್ಟೇ ಸರಿದು ಒಂದೆಡೆ ಸೇರುತ್ತದೆ. ಮಣಿಪಾಲದ ಮಣ್ಣಪಳ್ಳ ಕೆರೆಯ ಮೇಲೂ ಅದೇ ಚಂದ್ರ ಇದ್ದಾನೆ, ಆದರೆ ಅಲ್ಲಿ ಭರತ ಕಾಣುವುದಿಲ್ಲ. ಸರಿದು ಬರಲು ಅಷ್ಟು ನೀರೆಲ್ಲಿದೆ?

ದಡದ ಆಕಾರವೂ ಆಟ ಆಡುತ್ತದೆ. ಮಂಗಳೂರಿನಲ್ಲಿ ನೀರಿನ ಏರಿಳಿತ ದೊಡ್ಡ ಭರತದ ದಿನಗಳಲ್ಲೂ ಒಂದೂವರೆ ಮೀಟರ್ ಆಸುಪಾಸು. ಇದೇ ಅರಬ್ಬೀ ಸಮುದ್ರ ಗುಜರಾತಿನ ಖಂಭಾತ್ ಕೊಲ್ಲಿಯ ಕಿರಿದಾದ ಜಾಗಕ್ಕೆ ನುಗ್ಗಿದಾಗ ಭಾವನಗರದ ಹತ್ತಿರ 10 ಮೀಟರ್‌ವರೆಗೂ ಏರುತ್ತದೆ.

ಇಷ್ಟೆಲ್ಲ ನೀರು ಓಡಾಡಿ ತಳಕ್ಕೆ ಉಜ್ಜುವುದರಿಂದ ಭೂಮಿಯ ತಿರುಗಾಟ ಬಹಳ ನಿಧಾನವಾಗಿ ಕಡಿಮೆಯಾಗುತ್ತಿದೆ. ತಿರುಗುವ ಭೂಮಿ ಆ ಉಬ್ಬನ್ನು ಚಂದ್ರನಿಗಿಂತ ಸ್ವಲ್ಪ ಮುಂದಕ್ಕೆ ಒಯ್ಯುತ್ತದೆ. ಉಬ್ಬು ಚಂದ್ರನನ್ನು ಮುಂದಕ್ಕೆ ಎಳೆಯುತ್ತದೆ, ಅವನ ದಾರಿ ದೊಡ್ಡದಾಗುತ್ತಾ ಹೋಗುತ್ತದೆ. 1969ರಿಂದ ಅಪೊಲೊ ಯಾನಿಗಳು ಚಂದ್ರನ ಮೇಲೆ ಇಟ್ಟುಬಂದ ಪ್ರತಿಫಲಕಗಳಿಗೆ ಲೇಸರ್ ಬಿಟ್ಟು ಅಳೆದಿದ್ದಾರೆ: ಚಂದ್ರ ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ.